ಅಪ್ಪ ಕದ್ದು ತೆಗೆದ ತೂಬು

ಮಳವಳ್ಳಿ
ಭಾನುವಾರ, ೧೬ ಫೆಬ್ರವರಿ ೨೦೨೫

ನನ್ನ ಕವಿತ,

ನಿನ್ನ ಮೆಸೇಜು ಬಂದು ಎರಡು ದಿನವಾಯಿತು. ಫೋನ್ ಮಾಡಬೇಡ, ಕ್ವಾರ್ಟರ್ಸಿನ ಗೋಡೆ ತೆಳು, ಈ ಕೋಣೆಯಲ್ಲಿ ಪಿಸುಗುಟ್ಟಿದರೂ ಆ ಕೋಣೆಯಲ್ಲಿರುವ ರಘು ಅವರಿಗೆ ಕೇಳುತ್ತದೆ, ಹಳೆಯ ಕಾಲದ ಹಾಗೆ ಕಾಗದ ಬರೆ ಎಂದಿದ್ದೀಯ. ನಿನ್ನ ಶಾಲೆಯ ವಿಳಾಸವನ್ನು ಪಿನ್‌ಕೋಡ್ ಸಹಿತ ಕೊಟ್ಟಿದ್ದೀಯ. ಮಾನಸಗಂಗೋತ್ರಿಯ ಹಾಸ್ಟೆಲ್ ಬಿಟ್ಟ ಮೇಲೆ ನಾವಿಬ್ಬರೂ ಎಷ್ಟು ಬರೆದೆವು! ನೀನು ಹೊಸದಾಗಿ ಮದುವೆಯಾಗಿ ಮಂಡ್ಯದ ವಿ.ಸಿ. ಫಾರಂಗೆ, ಆ ಭತ್ತದ ಸಂಶೋಧನಾ ಕೇಂದ್ರಕ್ಕೆ ಹೋದಾಗ ನನ್ನ ಕಾಗದಗಳನ್ನು ರಘು ಅವರೇ ಮೊದಲು ಒಡೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದರಂತೆ. ‘ನಿನ್ನ ಗೆಳತಿ ಒಂದು ವಾಕ್ಯಕ್ಕೆ ಮೂರು ಉಪಮೆ ಹಾಕ್ತಾಳೆ, ಗೊಬ್ಬರ ಜಾಸ್ತಿಯಾಯ್ತು’ ಎನ್ನುತ್ತಿದ್ದರಂತೆ. ನೀನು ಅದನ್ನು ಬರೆದಾಗ ನಾನು ಒಂದು ತಿಂಗಳು ಮುನಿಸಿಕೊಂಡಿದ್ದೆ. ಈ ಸಲ ಗೊಬ್ಬರ ಕಡಿಮೆ ಹಾಕುತ್ತೇನೆ.

ರಘು ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಓದಿದಾಗ ನನಗೆ ಮೊದಲು ನಂಬಿಕೆ ಬರಲಿಲ್ಲ. ನನ್ನಪ್ಪನನ್ನು ನೋಡುತ್ತಿರುವ ಮೈಸೂರಿನ ಡಾ. ವೀಣ ಅವರ ಹತ್ತಿರವೇ ತೋರಿಸಿದ್ದೀರಿ, ಒಳ್ಳೆಯದಾಯಿತು. ಮೂಳೆಗೆ ಹೋಗಿಲ್ಲ, ರೇಡಿಯೇಷನ್ ಕೊಟ್ಟು, ಜೊತೆಗೆ ಒಂದೆರಡು ವರ್ಷ ಹಾರ್ಮೋನ್ ಇಂಜೆಕ್ಷನ್ ಹಾಕಿದರೆ ಪೂರ್ತಿ ವಾಸಿಯಾಗುವ ಆಸೆ ಇದೆ ಎಂದಿದ್ದಾರೆ. ಆದರೆ ರಘು ಅವರು ಇಂಜೆಕ್ಷನ್ ಒಲ್ಲೆ ಎನ್ನುತ್ತಿದ್ದಾರೆ. ಮೊಬೈಲಿನಲ್ಲಿ ಅಡ್ಡಪರಿಣಾಮಗಳನ್ನೆಲ್ಲ ಓದಿ ಒಂದು ಸಂಜೆ ನಿನಗೆ ಹೇಳಿದರಂತೆ: ‘ಜೀವಮಾನವೆಲ್ಲ ಭತ್ತದ ಹೂವಿನ ಗಂಡು ಕೇಸರ ಕಿತ್ತು ತಳಿ ಮಾಡಿದೋನು ನಾನು. ಈಗ ನನ್ನದು ಕೀಳಿಸ್ಕೊಳ್ಳೋ ಸರದಿ. ಬೇಡ ಕಣೇ, ಇರೋವಷ್ಟು ದಿನ ಗಂಡಸಾಗಿ ಇದ್ದು ಹೋಗ್ತೀನಿ.’ ಆಮೇಲೆ ಆ ಮಾತೇ ಇಲ್ಲ. ಊಟಕ್ಕೆ ಮಾತ್ರ ಬಾಗಿಲು ತೆಗೆಯುತ್ತಾರೆ.

‘ನಿಮ್ಮಪ್ಪನಿಗೂ ಇದೇ ಇಂಜೆಕ್ಷನ್ ಅಲ್ಲವೇ? ಅವರು ಹೇಗಿದ್ದಾರೆ? ನಿಜ ಬರೆ, ಸಮಾಧಾನ ಬರೆಯಬೇಡ’ ಎಂದು ಕೇಳಿದ್ದೀಯ. ನಿಜವನ್ನೇ ಬರೆಯುತ್ತೇನೆ. ಬರೆಯುತ್ತ ಹೋದಂತೆ ಅಪ್ಪನ ಹೊಗಳಿಕೆಯೇ ಜಾಸ್ತಿಯಾದರೆ ಅದನ್ನು ಮಗಳ ಲೆಕ್ಕಕ್ಕೆ ಹಾಕಿಕೋ.

ನನ್ನಪ್ಪ ಪುಟ್ಟಮಾದಯ್ಯ ನಿನಗೆ ಗೊತ್ತಿರುವುದು ಗೆಳತಿಯ ಅಪ್ಪನಾಗಿ. ನಮ್ಮೂರು ಹೊಳಲಿನವರಿಗೆ ಅವನು ನೀರುಗಂಟಿ. ನಾಲೆಯ ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ಹೊತ್ತು ಮುಗಿದ ಮೇಲೆ ಮುಚ್ಚುವುದು ಅವನ ಕೆಲಸ. ಅಣೆಕಟ್ಟೆಯಲ್ಲಿ ನೀರು ಕಡಿಮೆಯಾದ ವರ್ಷ ಕಟ್ಟು ಪದ್ಧತಿ ಬರುತ್ತದಲ್ಲ, ಕೆಲವು ದಿನ ನಾಲೆಗೆ ನೀರು, ಕೆಲವು ದಿನ ಬಂದ್, ಮತ್ತೆ ಕೆಲವು ದಿನ ನೀರು, ಆಗ ಊರಲ್ಲಿ ಅಪ್ಪನ ಮಾತೇ ಮಾತು. ಸರದಿ ತಪ್ಪಿಸಿ ಕದ್ದು ತೂಬು ತೆಗೆಯುವವರನ್ನು ಅವನು ಬಿಡುತ್ತಿರಲಿಲ್ಲ. ತೀರಿಕೊಂಡ ನಿನ್ನ ಮಾವ, ರಘು ಅವರ ತಂದೆ ಕೆಂಪಯ್ಯನವರೂ ಸಿಕ್ಕಿಬಿದ್ದವರೇ. ಅಪ್ಪ ಅವರ ಜಗಲಿ ಹತ್ತುವ ಕಾಲವಲ್ಲ ಅದು. ಅಂಗಳದಲ್ಲೇ ನಿಂತು, ದನಿ ಏರಿಸದೆ, ‘ನಿಮ್ ಸರದಿ ಮುಗ್ದದೆ ಗೌಡ್ರೆ, ತೂಬು ಮುಚ್ಚಿ’ ಎನ್ನುತ್ತಿದ್ದ. ಬೈಗುಳ ಬೀಳುತ್ತಿತ್ತು. ಮುಚ್ಚುವವರೆಗೂ ಅಪ್ಪ ಕದಲುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ಎಂದರೆ ಕಣ್ಣಿಗೆ ಬರುತ್ತಿದ್ದುದು ಅವನ ಎದೆ. ಬರಿಮೈಯಲ್ಲಿ ನಾಲೆಗಿಳಿದು ತೂಬಿನ ಹಲಗೆ ಎತ್ತುವಾಗ ಕಲ್ಲಿನ ಹಾಗೆ ಬಿಗಿಯುತ್ತಿದ್ದ ಎದೆ.

ಮೂರು ವರ್ಷದ ಹಿಂದೆ ಆ ಮನುಷ್ಯ ಬೆನ್ನುನೋವು ಎಂದು ಕೂತ. ಪರೀಕ್ಷೆ ಮಾಡಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್, ಆಗಲೇ ಬೆನ್ನಮೂಳೆಗೆ ಇಳಿದಿತ್ತು. ಡಾ. ವೀಣ ಅವರ ಕೋಣೆಯಲ್ಲಿ ಅಪ್ಪ ಮುಖ ತಿರುಗಿಸಿ ಕೂತಿದ್ದ. ಮಗಳ ವಯಸ್ಸಿನ ಹೆಂಗಸು ಮೂತ್ರದ ವಿಷಯ, ಹಾಸಿಗೆಯ ವಿಷಯ ಕೇಳುತ್ತಿದ್ದಾರೆ, ಪಕ್ಕದಲ್ಲಿ ಮಗಳೇ ಕೂತಿದ್ದಾಳೆ. ಅವನು ಗೋಡೆಯ ಕ್ಯಾಲೆಂಡರಿಗೆ ಉತ್ತರ ಹೇಳುತ್ತಿದ್ದ. ಡಾಕ್ಟರು ಜಾಣೆ. ‘ಯಜಮಾನ್ರೆ, ಏನು ಕೆಲಸ ಮಾಡ್ತಿದ್ರಿ?’ ಎಂದು ಕೇಳಿದರು. ನೀರುಗಂಟಿ ಎಂದ ತಕ್ಷಣ ಪೆನ್ನು ಕೆಳಗಿಟ್ಟು, ‘ಹಾಗಾದ್ರೆ ನಿಮಗೆ ನಾನು ಹೇಳೋದು ಸುಲಭ’ ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ, ನಿನಗೂ ಬೇಕಾಗುತ್ತದೆ. ಈ ಕ್ಯಾನ್ಸರು ಗಂಡು ಹಾರ್ಮೋನನ್ನು ಕುಡಿದು ಬೆಳೆಯುವ ಕಳೆ. ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಗಂಡಸಿನ ಬೀಜದಲ್ಲಿ, ವೃಷಣದಲ್ಲಿ. ಅದಕ್ಕೆ ಅಪ್ಪಣೆ ಹೋಗುವುದು ಮಿದುಳಿನ ಬುಡದಲ್ಲಿರುವ, ಕಾಳಿನಷ್ಟು ಪುಟ್ಟ ಗ್ರಂಥಿಯಿಂದ. ಆ ಗ್ರಂಥಿಗೆ ಮೇಲಿನಿಂದ ಒಂದು ಕರೆ ಬರುತ್ತದೆ, ಬಿಟ್ಟು ಬಿಟ್ಟು. ಇಂಜೆಕ್ಷನ್ ಮಾಡುವುದು ಇಷ್ಟೇ: ಆ ಕರೆಯ ದನಿಯನ್ನೇ ಅನುಕರಿಸಿ, ಬಿಡುವಿಲ್ಲದೆ ಕೂಗುತ್ತ ಇರುತ್ತದೆ. ಮೊದಲು ಗ್ರಂಥಿ ಗಾಬರಿಯಿಂದ ಎದ್ದುಬಿದ್ದು ದುಡಿಯುತ್ತದೆ, ಹಾರ್ಮೋನು ಏರುತ್ತದೆ. ಆಮೇಲೆ ಕೇಳಿ ಕೇಳಿ ಕಿವಿ ಮರಗಟ್ಟಿ ಸುಮ್ಮನಾಗುತ್ತದೆ. ಅಪ್ಪಣೆ ನಿಂತರೆ ಹಾರ್ಮೋನೂ ನಿಂತಿತು. ಆ ಮೊದಲ ಏರಿಕೆ ಕಳೆಗೆ ತಗಲದಿರಲಿ ಎಂದು ಸ್ವಲ್ಪ ದಿನ ಒಂದು ಮಾತ್ರೆಯನ್ನೂ ಕೊಡುತ್ತಾರೆ. ಅದು ನೀರು ಒಳಗೆ ನುಗ್ಗದಂತೆ ಗದ್ದೆಯ ಬಾಯಿಗೇ ಮಣ್ಣು ಕೊಟ್ಟ ಹಾಗೆ.

ಅಪ್ಪ ಮೊದಲ ಸಲ ಡಾಕ್ಟರ ಮುಖ ನೋಡಿದ. ‘ಅಂಗಾರೆ ಇದು ಕಳೆ ಕೀಳೋ ಔಸ್ದಿ ಅಲ್ಲ ಕಣವ್ವ. ನಾಲೇನೇ ನಿಲ್ಸೋ ಔಸ್ದಿ’ ಎಂದ. ಡಾಕ್ಟರು ಮೇಜು ತಟ್ಟಿ ನಕ್ಕರು. ಅಪ್ಪನಿಗೆ ಎಲ್ಲ ಅರ್ಥವಾಯಿತು ಎಂದು ನಾನು ಹಿಗ್ಗಿದೆ. ಅರ್ಥವಾಗಿತ್ತು. ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಅರ್ಥವಾಗಿತ್ತು, ಅದು ಆಮೇಲೆ ತಿಳಿಯಿತು.

ಮೂರು ತಿಂಗಳಿಗೊಂದು ಇಂಜೆಕ್ಷನ್. ಬೆನ್ನುನೋವು ಬೇಗ ಇಳಿಯಿತು, ರಕ್ತಪರೀಕ್ಷೆಯ ಅಂಕಿ ನೆಲ ಕಚ್ಚಿತು. ಆಮೇಲೆ ಝಳ ಶುರುವಾಯಿತು. ಕೂತಲ್ಲೇ ಎದೆಯಿಂದ ಬೆಂಕಿ ಎದ್ದು ಕತ್ತು, ಕಿವಿ, ನೆತ್ತಿಯವರೆಗೆ ಹತ್ತಿ, ಮೈಯೆಲ್ಲ ಬೆವರಿ, ಆಮೇಲೆ ಚಳಿ. ನನಗೂ ಆಗಲೇ ಮುಟ್ಟು ನಿಲ್ಲುವ ಕಾಲ. ನಾನು ಮಳವಳ್ಳಿಯಿಂದ ಹೊಳಲಿಗೆ ಹೋದ ಒಂದು ಭಾನುವಾರ ಊಟಕ್ಕೆ ಕೂತಿದ್ದೇವೆ, ಅಪ್ಪ ಟವೆಲಿನಿಂದ ಬೀಸಿಕೊಳ್ಳುತ್ತಿದ್ದಾನೆ, ನಾನು ಸೆರಗಿನಿಂದ. ಅವ್ವ ಸಾರಿನ ಪಾತ್ರೆ ಹಿಡಿದು ನಿಂತು ಇಬ್ಬರನ್ನೂ ನೋಡಿದಳು. ‘ಚೆನ್ನಾಗದೆ ಕಣಮ್ಮ! ಅಪ್ಪಂಗೂ ಮಗಳ್ಗೂ ಒಂದೇ ಕಿತ ಮುಟ್ಟು ನಿಂತದೆ’ ಎಂದಳು. ನನ್ನ ಬಾಯಿಯ ತುತ್ತು ಹೊರಗೆ ಬಂತು. ಅಪ್ಪ ನಗಲಿಲ್ಲ. ತಟ್ಟೆ ನೋಡುತ್ತ ಕೇಳಿದ, ‘ನಿಂಗೂ ಇಂಗೇ ಆಗಿತ್ತಾ?’

‘ಇನ್ನೇನು! ಐದಾರು ವರ್ಸ ಬೆಂದಿವ್ನಿ.’

‘ಮತ್ಯಾಕೆ ಯೋಳ್ನಿಲ್ಲ ನೀನು?’

‘ಕೇಳ್ದೋರ್ಯಾರು?’ ಎಂದು ಅವ್ವ ಅವನ ತಟ್ಟೆಗೆ ಸಾರು ಬಿಟ್ಟಳು. ‘ಸೌದೆ ಒಲೆ ಮುಂದೆ ಕೂತ್ಕಂಡೇ ಕಳ್ದೆ ನಾನು. ನೀನು ಫ್ಯಾನ್ ಕೆಳೀಕೆ ಕೂತ್ಕಂಡು ಗೊಣಗ್ತೀಯ.’

ಕವಿತ, ಕಾವ್ಯದಲ್ಲಿ ವಿರಹದ ತಾಪಕ್ಕೆ ಎಷ್ಟು ಪದ್ಯ! ತಾವರೆ ಎಲೆ, ಚಂದನ, ಬೆಳದಿಂಗಳು. ಸಾರಿನ ಪಾತ್ರೆ ಹಿಡಿದು ನಿಂತ ಹೆಂಗಸಿನ ತಾಪಕ್ಕೆ ನಾನು ಓದಿದ್ದರಲ್ಲಿ ಒಂದು ಸಾಲೂ ಇಲ್ಲ. ಅಪ್ಪ ಪದ್ಯ ಓದುವವನಲ್ಲ. ಮಾರನೆಯ ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಮುದ್ದೆಗೆ ಎಸರಿಟ್ಟ. ಅಂದಿನಿಂದ ಇಂದಿನವರೆಗೆ ಬೆಳಗಿನ ಒಲೆ ಅವನದೇ. ‘ಉರಿಯೋನ್ಗೆ ಇನ್ನೊಂದಿಷ್ಟು ಉರಿ ಏನು ದೊಡ್ಡದು’ ಎನ್ನುತ್ತಾನೆ.

ಇದನ್ನೇ ಬರೆದು ನಿಲ್ಲಿಸಿದರೆ ಅದು ಸಮಾಧಾನದ ಕಾಗದವಾಗುತ್ತದೆ. ನೀನು ಬೇಡ ಎಂದಿದ್ದೀಯ.

ಝಳವನ್ನು ಅಪ್ಪ ಸಹಿಸಿದ. ಸಹಿಸಲಾಗದ್ದು ಬೇರೆ. ತೋಳು ಕರಗಿತು, ಹೊಟ್ಟೆ ಬಂತು. ಕರು ಹಾಲು ಕುಡಿಯುವುದನ್ನು ನೋಡಿದರೂ ಕಣ್ಣಲ್ಲಿ ನೀರು. ಯಾವುದನ್ನು ಎಲ್ಲಿಟ್ಟೆ ಎಂದು ಮರೆವು. ಒಂದು ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದು ಮೆತ್ತಗೆ ಹೇಳಿದಳು: ‘ನಿಮ್ಮಪ್ಪಂಗೆ ಎದೆ ಬಂದದೆ ಕಣ್ ಮಗ, ಎಂಗುಸ್ರಂಗೆ. ಮುಟ್ಟಿದ್ರೆ ನೋಯ್ತದಂತೆ. ನಾಲೆಗೆ ಮೀಯಾಕೋಗೋದ್ನ ಬುಟ್ಟವ್ನೆ.’ ಆಗ ನೆನಪಾಯಿತು, ಎಷ್ಟೋ ದಿನದಿಂದ ಅಪ್ಪ ಸೆಕೆಯಲ್ಲೂ ಅಂಗಿ ಬಿಚ್ಚಿರಲಿಲ್ಲ.

ಇನ್ನೊಂದು ವಿಷಯ, ನೀನು ಕೇಳದೆ ಕೇಳಿದ್ದು. ಆಸೆ ಹೋಗುತ್ತದೆ, ಕವಿತ. ಕೆಲವರಿಗೆ ಪೂರ್ತಿ, ಕೆಲವರಿಗೆ ಅಷ್ಟಿಲ್ಲ. ಔಷಧಿ ಮುಗಿದ ಮೇಲೆ ಹಲವರಿಗೆ ನಿಧಾನವಾಗಿ ಮರಳುತ್ತದೆ ಎಂದು ಡಾಕ್ಟರು ಹೇಳಿದರು, ಎಲ್ಲರಿಗೂ ಅಲ್ಲ. ಎಪ್ಪತ್ತು ದಾಟಿದ ಅಪ್ಪನೂ ಅದಕ್ಕೆ ಕುಗ್ಗಿದ. ಚಾಪೆಯನ್ನು ಪಡಸಾಲೆಗೆ ಎಳೆದುಕೊಂಡು ಹೋದ. ನಾಲ್ಕು ದಿನ ನೋಡಿದ ಅವ್ವ ತನ್ನ ಚಾಪೆಯನ್ನೂ ಎಳೆದುಕೊಂಡು ಹೋಗಿ ಪಕ್ಕದಲ್ಲಿ ಹಾಸಿದಳಂತೆ. ‘ಯಾಕ್ ಬಂದೆ?’ ಎಂದನಂತೆ. ‘ನಿನ್ ಗೊರಕೆ ಇಲ್ದೆ ನಿದ್ದೆ ಬರಾಕಿಲ್ಲ, ಮಲೀಕೊ’ ಎಂದಳಂತೆ. ಇದನ್ನು ಅವ್ವ ನನಗೆ ಹೇಳಿದ್ದು ಅವರೆಕಾಯಿ ಬಿಡಿಸುತ್ತ, ಊರ ಸುದ್ದಿ ಹೇಳುವ ದನಿಯಲ್ಲಿ.

ಹೀಗೆ ಒಂದು ವರ್ಷದ ಮೇಲಾಯಿತು. ಆಮೇಲೆ ಮಳೆ ಕೈಕೊಟ್ಟು ನಾಲೆಗೆ ಕಟ್ಟು ನೀರು ಬಿಟ್ಟರಲ್ಲ, ಆ ವರ್ಷ. ಅಷ್ಟರಲ್ಲಿ ಅಪ್ಪ ‘ಮಂಡ್ಯದಲ್ಲೇ ಹಾಕುಸ್ಕತೀನಿ, ನೀನ್ಯಾಕೆ ಕಾಲೇಜಿಗೆ ರಜಾ ಹಾಕೀಯ’ ಎಂದು ಇಂಜೆಕ್ಷನ್ನಿಗೆ ಒಬ್ಬನೇ ಹೋಗಿಬರುತ್ತಿದ್ದ. ಡಾಕ್ಟರೂ ಒಪ್ಪಿದ್ದರು. ಒಂದು ಭಾನುವಾರ ಹೊಳಲಿಗೆ ಹೋದರೆ ಅಪ್ಪ ಗೆಲುವಾಗಿದ್ದಾನೆ. ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದಾನೆ. ಅವ್ವನಿಗೋ ಖುಷಿಯೋ ಖುಷಿ, ‘ಔಸ್ದಿ ಮೈಗೆ ಒಗ್ಗದೆ ಕಣಮ್ಮ, ಈಗ ಉರಿ ಅನ್ನಾಕಿಲ್ಲ, ಬೆವ್ರಾಕಿಲ್ಲ’ ಎಂದಳು. ಊಟಕ್ಕೆ ಕೂತೆವು. ನನಗೆ ಝಳ ಬಂತು, ಸೆರಗು ತೆಗೆದು ಬೀಸಿಕೊಂಡೆ. ಅಪ್ಪನ ಟವೆಲು ಹೆಗಲ ಮೇಲೆ ತೆಪ್ಪಗೆ ಬಿದ್ದಿತ್ತು. ಬೀಸಿಕೊಳ್ಳುತ್ತಿದ್ದವಳು ನಾನೊಬ್ಬಳೇ.

‘ಅಪ್ಪ, ಹೋದ ಸಲ ಇಂಜೆಕ್ಷನ್ ಹಾಕಿಸ್ಕೊಂಡ್ಯಾ?’

ಅವನು ಮುದ್ದೆ ಮುರಿಯುತ್ತ ಹೇಳಿದ, ‘ಸಾರಿಗೆ ವಸಿ ಉಪ್ಪು ಕಮ್ಮಿಯಾಗದೆ.’

ಮೈಸೂರಿಗೆ ಕರೆದುಕೊಂಡು ಹೋದೆ. ಅಂಕಿ ಏರಿತ್ತು. ಒಂದಲ್ಲ, ಎರಡು ಸಲ ಹಾಕಿಸಿಕೊಂಡಿರಲಿಲ್ಲ. ಮಂಡ್ಯಕ್ಕೆ ಎಂದು ಹೊರಟು ನಾಲೆಯ ಮೇಲೆ ಹೋಗಿ ತನ್ನ ಹಳೆಯ ತೂಬಿನ ಹತ್ತಿರ ಕೂತು, ಹೊತ್ತು ಕಳೆದು ಮನೆಗೆ ಬಂದಿದ್ದ. ಡಾ. ವೀಣ ಬೈಯಲಿಲ್ಲ. ಯಾಕೆ ಎಂದು ಕೇಳಿದರು. ಅಪ್ಪ ಕೈಕಟ್ಟಿ ಕೂತು, ಇಲಾಖೆಯ ಇಂಜಿನಿಯರಿಗೆ ವರದಿ ಒಪ್ಪಿಸುವ ಹಾಗೆ ಹೇಳಿದ: ‘ನೋಡಿ ತಾಯಿ, ನೀವೇ ಯೋಳಿದ್ರಿ, ನಾಲೆ ನಿಲ್ಸಿದ್ರೆ ಕಳೆ ಒಣಗ್ತದೆ ಅಂತವ. ಸರಿ. ಆದ್ರೆ ನಾಲೆ ನಿಂತ್ರೆ ಪೈರೂ ಒಣಗ್ತದಲ್ಲ? ನನ್ ತೋಳು, ನನ್ ಮನ್ಸು, ಅದೂ ಪೈರೇ ಅಲ್ವಾ? ಅದ್ಕೇ ಕಟ್ಟು ಮಾಡ್ದೆ. ಕಳೆ ಬಾಡೋಗಂಟ ಮುಚ್ಚಿದ್ದೆ. ಆಮೇಲೆ ಎಲ್ಡು ಕಟ್ಟು ನೀರು ಬುಟ್ಟೆ. ಮತ್ತೆ ಮುಚ್ತಿದ್ದೆ.’

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಂಥ ತಪ್ಪನ್ನು ನಮ್ಮ ಸೀಮೆಯವನಲ್ಲದೆ ಇನ್ಯಾರು ಮಾಡಿಯಾರು? ಡಾಕ್ಟರು ಮಾತ್ರ ಗಂಭೀರವಾಗಿ ಕೇಳಿಸಿಕೊಂಡರು. ‘ನೀವು ಹೇಳೋ ಪದ್ಧತಿ ನಮ್ಮಲ್ಲೂ ಇದೆ ಯಜಮಾನ್ರೆ’ ಎಂದರು. ಕೆಲವು ರೋಗಿಗಳಿಗೆ, ರಕ್ತಪರೀಕ್ಷೆಯ ಅಂಕಿ ನೋಡಿಕೊಂಡು, ಸ್ವಲ್ಪ ಕಾಲ ಇಂಜೆಕ್ಷನ್ ನಿಲ್ಲಿಸಿ ಮತ್ತೆ ಶುರುಮಾಡುವುದು ಉಂಟಂತೆ. ಅಪ್ಪನ ಮುಖ ಅರಳಿತು. ನನ್ನ ಕಡೆ ನೋಡಿದ, ‘ನೋಡ್ದಾ’ ಎನ್ನುವ ಹಾಗೆ. ಆಗ ಅವರು ಮುಂದುವರಿಸಿದರು: ‘ಆದರೆ ನಿಮ್ಮದು ಮೂಳೆಗೆ ಇಳಿದಿರೋ ಕಳೆ. ಅದಕ್ಕೆ ಈ ಪದ್ಧತಿ ಆಗಲ್ಲ. ಅದೂ ಇರಲಿ, ನೀವು ಇಷ್ಟು ವರ್ಷ ಕೆಲಸ ಮಾಡಿದ್ರಲ್ಲ, ಕಟ್ಟು ಯಾವಾಗ ಬಿಡಬೇಕು, ಯಾವಾಗ ಮುಚ್ಚಬೇಕು ಅಂತ ತೀರ್ಮಾನ ಮಾಡ್ತಿದ್ದೋರು ಯಾರು? ಗದ್ದೆಯವರಾ?’

ಈ ಸಲ ಅಪ್ಪ ಕ್ಯಾಲೆಂಡರ್ ಕಡೆಗೆ ನೋಡಲಿಲ್ಲ, ಎದ್ದು ಟವೆಲು ಹೆಗಲಿಗೆ ಹಾಕಿಕೊಂಡ.

ಕಾರು ಶ್ರೀರಂಗಪಟ್ಟಣ ದಾಟಿತು. ಊರು ಹತ್ತಿರವಾಗಿ ನಾಲೆಯ ಸೇತುವೆ ಬಂದಾಗ ಅಪ್ಪ ನಿಲ್ಲಿಸು ಎಂದ. ಇಳಿದು ತೂಬಿನವರೆಗೆ ನಡೆದ, ನಾನೂ ಹಿಂದೆ ಹೋದೆ. ಅಂದು ನಾಲೆ ಬಂದ್ ಇತ್ತು, ತಳದಲ್ಲಿ ಕೆಸರು ಹೊಳೆಯುತ್ತಿತ್ತು. ಹಲಗೆಯ ಮೇಲೆ ಕೈಯಿಟ್ಟು ಅಪ್ಪ ಹೇಳಿದ: ‘ಊರೋರ್ನೆಲ್ಲ ಇಡಿದೆ ಕಣ್ ಮಗ. ದೊಡ್ಡೋರು ಚಿಕ್ಕೋರು ಅನ್ನಿಲ್ಲ. ಕೊನೇಲಿ ನೋಡುದ್ರೆ ತೂಬು ಕದ್ದೋನು ನಾನೇ.’ ಹಲಗೆಯಿಂದ ಕೈ ತೆಗೆದು, ‘ಯಾವತ್ತು ಹಾಕುಸ್ಬೇಕು ಇಂಜೆಸನ್ನು?’ ಎಂದ. ನೀರು ಕದ್ದವರಿಗೆ ಅವನು ಎಂದೂ ಎರಡನೇ ಮಾತಿಗೆ ಅವಕಾಶ ಕೊಟ್ಟವನಲ್ಲ. ತನಗೂ ಕೊಟ್ಟುಕೊಳ್ಳಲಿಲ್ಲ. ಆ ದಿನ ನಾನು ಅಪ್ಪನನ್ನು ಮೆಚ್ಚಿದಷ್ಟು ಯಾವ ದಿನವೂ ಮೆಚ್ಚಿಲ್ಲ.

ಮತ್ತೆ ಶುರುವಾಗಿ, ಮುಂದಿನ ಇಂಜೆಕ್ಷನ್ನಿಗೆ ಹೋದಾಗ ಆಸ್ಪತ್ರೆಯ ಹಜಾರದಲ್ಲಿ ಸೋಮನಹಳ್ಳಿಯ ಶಿವನಂಜಮ್ಮ ಸಿಕ್ಕರು. ಹೆದ್ದಾರಿ ಪಕ್ಕದ ಯಾವುದೋ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ ಮಾತ್ರೆ ನುಂಗುತ್ತಿದ್ದವರು. ಬ್ಯಾಟರಿಯ ಪುಟ್ಟ ಫ್ಯಾನನ್ನು ಮುಖದ ಮುಂದೆ ಹಿಡಿದು ಕೂತಿದ್ದರು. ಅಪ್ಪ ಬೆವರೊರೆಸಿಕೊಳ್ಳುವುದನ್ನು ನೋಡಿ ಫ್ಯಾನನ್ನು ಅವನ ಕಡೆ ತಿರುಗಿಸಿದರು. ‘ನಿಮ್ಗೂ ಉರಿಯಾ ಅಣ್ಣ? ಗಂಡುಸ್ರಿಗೂ ಬತ್ತದಾ?’ ಎಂದು ಕೇಳಿದರು. ಅಪ್ಪ ನಾಚಿ ತಲೆಯಾಡಿಸಿದ. ‘ನಂದು ಮಾತ್ರೆ. ಆರ್ಮೋನು ಬಂದು ಕೂತ್ಕಳೋ ಜಾಗ್ದಲ್ಲಿ ಇದೇ ಮೊದ್ಲೋಗಿ ಕೂತ್ಕತದಂತೆ. ಬಸ್ಸಲ್ಲಿ ಕಿಟಕೀಲಿ ಟವಲ್ ಹಾಕಲ್ವಾ, ಅಂಗೆ’ ಎಂದರು. ಅಪ್ಪನಿಗೆ ಅದು ಬಹಳ ಹಿಡಿಸಿತು. ‘ನಂದು ಬಸ್ಸೇ ಬರ್ದಂಗೆ ಡಿಪೋ ಮುಚ್ಸೋದು ಕಣವ್ವ’ ಎಂದ. ಇಬ್ಬರೂ ಹಜಾರವೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ‘ದಿನಾ ಬೈತೀನಿ ಈ ಮಾತ್ರೇಯ. ಮಂಡಿ ಇಡ್ಕಂಡದೆ, ನಿದ್ದೆ ಇಲ್ಲ. ಬೈಕಂಡೇ ನುಂಗ್ತೀನಿ. ಬುಡಾಕಿಲ್ಲ’ ಎಂದು ಶಿವನಂಜಮ್ಮ ಏಳುವಾಗ ಹೇಳಿದರು. ನಾನು ಹೇಳಿದ್ದರೆ ಉಪದೇಶವಾಗುತ್ತಿತ್ತು. ಉರಿಯುವವರ ಬಾಯಿಂದ ಬಂದಾಗ ಅದು ಜೊತೆಯಾಯಿತು.

ಈಗ ಅಪ್ಪ ಹೇಗಿದ್ದಾನೆ? ಮೂಳೆ ಸವೆಯದಿರಲು ಕ್ಯಾಲ್ಸಿಯಂ ಮಾತ್ರೆ ತಗೊಳ್ಳುತ್ತಾನೆ, ಆಗಾಗ ಸಕ್ಕರೆ ಪರೀಕ್ಷೆಯೂ ಆಗುತ್ತದೆ. ನಡೆಯಬೇಕು, ಭಾರ ಎತ್ತಬೇಕು, ಆಗ ತೋಳು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಕ್ಕೆ ದಿನಾ ಎರಡು ಬಿಂದಿಗೆ ನೀರು ಹಿಡಿದು ನಾಲೆಯ ಏರಿಯ ಮೇಲೆ ನಡೆಯುತ್ತಾನೆ. ಝಳ ಇದೆ. ಕಣ್ಣೀರು ಇದೆ. ಅಳು ಬಂದರೆ ‘ಇಂಜೆಸನ್ ಅಳು, ಈಗ ಓಯ್ತದೆ’ ಎಂದು ಒರೆಸಿಕೊಳ್ಳುತ್ತಾನೆ. ಅಂಕಿ ಮತ್ತೆ ಇಳಿದಿದೆ. ವಾಸಿಯಾಗುವುದಿಲ್ಲ. ಎಂದೋ ಒಂದು ದಿನ ಕಳೆ ಇಷ್ಟು ಕಡಿಮೆ ನೀರಿನಲ್ಲೇ ಬದುಕುವುದನ್ನು ಕಲಿಯಬಹುದು, ಆಗ ಬೇರೆ ಔಷಧಿ ನೋಡೋಣ ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ. ಅಪ್ಪನೂ ಮುಚ್ಚಿಡದೆ ಕೇಳಿಸಿಕೊಂಡಿದ್ದಾನೆ.

ಕಳೆದ ಬೇಸಿಗೆಯಲ್ಲಿ ಅವನು ಅಂಗಿ ಬಿಚ್ಚಿ ನಾಲೆಗಿಳಿದನಂತೆ. ಮೀಯುತ್ತಿದ್ದವರಲ್ಲಿ ಅವನ ಓರಗೆಯವನೊಬ್ಬ ನೋಡಿ ಕೂಗಿದನಂತೆ, ‘ಏನ್ಲಾ ಪುಟ್ಮಾದ, ಎದೆ ಬಂದದೆ?’ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಅವ್ವನ ಕೈ ನಿಂತಿತಂತೆ. ಅಪ್ಪ ಕತ್ತಿನವರೆಗೆ ಮುಳುಗಿದ್ದವನು ಎದ್ದು ನಿಂತು, ಸೊಂಟದಿಂದ ಮೇಲೆ ಎಲ್ಲವೂ ಕಾಣುವ ಹಾಗೆ ತಿರುಗಿ ಹೇಳಿದನಂತೆ: ‘ಊಂ ಕಣ್ಲಾ, ಬಂದದೆ. ಎದೆ ಇದ್ದೋನ್ಗೆ ಬತ್ತದೆ. ನಿಂಗೆಲ್ಲಿಂದ ಬಂದಾದು?’

ಆ ಒಂದು ಪದಕ್ಕೆ ನಮ್ಮ ಭಾಷೆಯಲ್ಲಿರುವ ಎರಡು ಅರ್ಥಗಳನ್ನು ನಾನು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದ್ದೇನೋ. ಅಪ್ಪ ಅದನ್ನು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮುಗಿಸಿದ.

ಆದ್ದರಿಂದ ಕವಿತ, ರಘು ಅವರಿಗೆ ‘ಏನೂ ಆಗಲ್ಲ’ ಎಂದು ಮಾತ್ರ ಹೇಳಬೇಡ. ಆಗುತ್ತದೆ. ಆಗುವುದನ್ನು ಎದುರಿಗಿಟ್ಟುಕೊಂಡು ಡಾಕ್ಟರನ್ನು ಕೇಳಲಿ; ಪ್ರತಿಯೊಂದಕ್ಕೂ ಏನಾದರೊಂದು ಉಪಾಯ ಇದೆ. ಅವರಿಗೆ ಸಿಕ್ಕಿರುವುದು ಅಪ್ಪನಿಗೆ ಸಿಗಲಿಲ್ಲ ಎಂಬುದನ್ನು ಮರೆಯಬೇಡ: ಅವರ ನಾಲೆ ಸ್ವಲ್ಪ ಕಾಲ ಮುಚ್ಚಿದರೆ ಸಾಕು. ಮತ್ತೆ ಆ ಭತ್ತದ ಹೂವಿನ ಮಾತು. ನಾನು ವಿಜ್ಞಾನ ಓದಿದವಳಲ್ಲ. ಆದರೆ ವಿ.ಸಿ. ಫಾರಂನ ಗದ್ದೆಯಲ್ಲಿ ಅವರೇ ಒಮ್ಮೆ ನಮಗಿಬ್ಬರಿಗೂ ತೋರಿಸಿದ್ದರು, ನಿನಗೆ ನೆನಪಿರಬೇಕು. ಗಂಡು ಕೇಸರ ಕಿತ್ತ ತೆನೆಗೆ ಕಾಗದದ ಟೊಪ್ಪಿಗೆ ಹಾಕಿ, ಮಗುವನ್ನು ನೋಡಿಕೊಳ್ಳುವಂತೆ ದಿನಾ ಹೋಗಿ ನೋಡುತ್ತಿದ್ದರು. ಆ ತೆನೆ ಸಾಯುವುದಿಲ್ಲ. ಇಡೀ ಗದ್ದೆಯಲ್ಲಿ ಹೊಸ ತಳಿಯ ಕಾಳು ಕಟ್ಟುವುದು ಅದೊಂದೇ.

ನಿನ್ನ ಚಾಪೆ ಎಲ್ಲಿ ಹಾಸಬೇಕು ಎಂದು ನಾನು ಹೇಳಬೇಕಾಗಿಲ್ಲ.

ನಿನ್ನ ಜೊತೆ ಸೆರಗು ಬೀಸಿಕೊಳ್ಳುವ ವಯಸ್ಸಿನ,
ಸೌಮ್ಯ

ಮರೆತ ಮಾತು: ರಘು ಅವರೇ, ಈ ಕಾಗದವನ್ನು ಶಾಲೆಯ ವಿಳಾಸಕ್ಕೆ ಹಾಕು ಎಂದು ಕವಿತ ಹೇಳಿದ್ದಳು. ನಾನು ಕ್ವಾರ್ಟರ್ಸಿಗೆ ಹಾಕಿದ್ದೇನೆ. ಮಧ್ಯಾಹ್ನ ಅಂಚೆ ಬರುವ ಹೊತ್ತಿಗೆ ಅವಳು ಶಾಲೆಯಲ್ಲಿರುತ್ತಾಳೆ, ಮನೆಯಲ್ಲಿರುವವರು ನೀವು, ಮತ್ತು ನನ್ನ ಕಾಗದವನ್ನು ಮೊದಲು ಒಡೆಯುವವರು ಯಾರು ಎಂದು ನನಗೆ ಮದುವೆಯ ವರ್ಷದಿಂದ ಗೊತ್ತು. ಮೊದಲ ಸಾಲಿನಿಂದ ಬರೆದದ್ದು ನಿಮಗೇ. ಉಪಮೆಗಳು ಜಾಸ್ತಿಯಾಗಿದ್ದರೆ ಹೊಡೆದುಹಾಕಿ, ಉಳಿದದ್ದನ್ನು ಸಂಜೆ ಅವಳಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿ. ಅವಳು ನನ್ನನ್ನು ಬೈಯಲಿ. ಶಿವರಾತ್ರಿಯ ಮರುದಿನ, ಗುರುವಾರ ಬೆಳಿಗ್ಗೆ, ಅಪ್ಪನಿಗೆ ಇಂಜೆಕ್ಷನ್ ಇದೆ. ಡಾ. ವೀಣ ಅವರ ಹತ್ತಿರ ನಿಮ್ಮ ಹೆಸರನ್ನೂ ಹೇಳಿಟ್ಟಿದ್ದೇನೆ. ಕಾರು ನಿಮ್ಮ ಬಾಗಿಲಿಗೇ ಬರುತ್ತದೆ, ಹಿಂದಿನ ಸೀಟಿನಲ್ಲಿ ಅಪ್ಪ ನಿಮಗಾಗಿ ಟವೆಲು ಹಾಕಿಟ್ಟಿರುತ್ತಾನೆ. ಈ ಸಲ ಅಂಗಳದಲ್ಲಿ ನಿಲ್ಲುವುದಿಲ್ಲವಂತೆ, ಒಳಗೆ ಬಂದು ಕಾಫಿ ಕುಡಿದೇ ಹೊರಡುವುದಂತೆ. ನೀವು ಬಾರದೆ ಹೋದರೆ ಎಂದು ಕೇಳಿದೆ. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: ‘ಅವ್ರಪ್ಪಂಗೇ ತೂಬು ಮುಚ್ಸಿವ್ನಿ, ಮಗನ್ನ ಬುಟ್ಟೇನಾ?’